ಆನೆ ಗ್ರೂಪಿನಲ್ಲಿ ಹಾಡಿನ ಜಗಳ

ಕಳೆದ ಗುರುವಾರ ಬೆಳಿಗ್ಗೆ ನನ್ನ ದೆಸೆಯಿಂದ ಎಂಟು ಜನ ಹೆಂಗಸರು ಆನೆ ಇಳಿಯುವ ದಾರಿಯಲ್ಲಿ ಹೋಗಿ ಸಿಕ್ಕಿಕೊಂಡರು. ನಾನು ಮಾಡಿದ್ದು ಇಷ್ಟೇ: ಮೊಬೈಲಿನಲ್ಲಿ ಒಂದು ಮೆಸೇಜ್ ಟೈಪ್ ಮಾಡಿ ಕಳಿಸಿದ್ದು. ಅದೂ ಆನೆಯ ಬಗ್ಗೆ ಅಲ್ಲ, ಒಂದು ರಾಕ್ ಬ್ಯಾಂಡಿನ ಬಗ್ಗೆ.

ಮೊದಲಿನಿಂದ ಹೇಳುತ್ತೇನೆ.

‘ಮೂರನೇ ಗೇರ್’ ಅಂತ ಒಂದು ಕನ್ನಡ ರಾಕ್ ಬ್ಯಾಂಡ್. ನಮ್ಮ ಜಿಲ್ಲೆಯ ಹುಡುಗರೇ ಕಟ್ಟಿದ್ದು. (ಹುಡುಗರು ಅನ್ನುವುದು ಅಭ್ಯಾಸಬಲ. ಈಗ ನಾಲ್ವರಿಗೂ ಹೊಟ್ಟೆ ಬಂದಿದೆ.) ಲೋಡ್ ಲಾರಿ ದೋಣಿಗಲ್ ಕಡೆಗೆ ಘಾಟಿ ಏರುವಾಗ ಎಂಥ ಸದ್ದು ಬರುತ್ತದೋ ಇವರ ಹಾಡೂ ಹಾಗೇ. ನನ್ನ ಜೀಪಿನ ಹಿಂದಿನ ಸ್ಪೀಕರ್ ಹರಿದುಹೋದದ್ದು ಇವರಿಂದಲೇ. ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ.

ಅಂಥವರು ಈಚೆಗೆ ಮೆತ್ತಗಾಗಿದ್ದಾರೆ. ಡ್ರಮ್ಸ್ ಹಿಂದಕ್ಕೆ ಸರಿಯಿತು, ಕೊಳಲು ಮುಂದಕ್ಕೆ ಬಂತು. ಹೊಸದಾಗಿ ಬಿಟ್ಟಿರುವ ಹಾಡಂತೂ ನಮ್ಮ ಕಡೆ ಕಾಫಿ ತೋಟದ ಹೆಂಗಸರು ಕೆಲಸಕ್ಕೆ ಹೋಗುವಾಗ ಹೇಳಿಕೊಳ್ಳುವ ಪದ. ‘ಮುಂದೆ ಯಾರವ್ವ, ಹಿಂದೆ ಯಾರವ್ವ’ ಅಂತ ಗಾಯಕ ಪಿಸುಗುಡುತ್ತಾನೆ. ಆಮೇಲೆ ಕೊಳಲು. ಮತ್ತೆ ಅವನು, ಮತ್ತೆ ಕೊಳಲು. ಹೀಗೇ ಐದು ನಿಮಿಷ.

ಆ ಪದ ನನಗೆ ಹೊಸದಲ್ಲ. ಚಿಕ್ಕಂದಿನಿಂದ ಕೇಳಿದ್ದೇನೆ, ನಮ್ಮ ಅಂಗಳದಲ್ಲಿ ನಿಂತುಕೊಂಡು. ಅಷ್ಟು ದೂರದಿಂದ ಕೇಳಿದರೆ ಇಂಪಾಗಿಯೇ ಇರುತ್ತದೆ.

ಹಾಡು ಬಂದದ್ದೇ ತಡ, ಬ್ಯಾಂಡಿನ ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಬಣಗಳಾದವು. ಇವರು ಕೆಟ್ಟರು ಅನ್ನುವವರು ಒಂದು ಕಡೆ, ಈಗಲೇ ಇವರು ಕಲಿತದ್ದು ಅನ್ನುವವರು ಇನ್ನೊಂದು ಕಡೆ. ನಾನು ಮೊದಲನೇ ಬಣದ ಮುಂದಾಳು.

ಈಗ ಇನ್ನೊಂದು ಗ್ರೂಪಿನ ವಿಷಯ. ನಮ್ಮ ಯಸಳೂರು ಸುತ್ತಮುತ್ತ ಯಾರ ಫೋನಿನಲ್ಲಿ ಏನಿಲ್ಲದಿದ್ದರೂ ಆನೆ ಗ್ರೂಪ್ ಇರಲೇಬೇಕು. ಆನೆ ಯಾವ ತೋಟದಲ್ಲಿದೆ, ಯಾವ ರಸ್ತೆ ದಾಟಿತು, ಒಂಟಿಯೋ ಹಿಂಡೋ, ಅಷ್ಟೇ. ಅಲ್ಲಿ ಗುಡ್ ಮಾರ್ನಿಂಗ್ ಹಾಕುವಂತಿಲ್ಲ. ಹಬ್ಬದ ಶುಭಾಶಯವೂ ಇಲ್ಲ. ನನ್ನ ಫೋನಿನಲ್ಲಿ ಆನೆ ಗ್ರೂಪ್ ಮತ್ತು ಅಭಿಮಾನಿಗಳ ಗ್ರೂಪ್ ಒಂದರ ಕೆಳಗೊಂದು ಇವೆ.

ಗುರುವಾರ ಆರೂವರೆಗೆ ಕಾಫಿ ಕುಡಿಯುತ್ತ ಟೈಪ್ ಮಾಡಿದೆ: ‘ಮೂರನೇ ಗೇರ್ ನ್ಯೂಟ್ರಲ್‌ಗೆ ಬಂತು. ಇದು ಹಾಡಲ್ಲ, ನಿದ್ದೆ ಮಾತ್ರೆ.’ ಬೆರಳು ಒಂದು ಗೆರೆ ಮೇಲೆ ಬಿದ್ದಿತ್ತು. ಹೋದದ್ದು ಆನೆ ಗ್ರೂಪಿಗೆ.

ಮೊದಲು ಉತ್ತರ ಕೊಟ್ಟವನು ರಫೀಕ್. ಸಕಲೇಶಪುರದಲ್ಲಿ ಕಾಫಿ, ಮೆಣಸು ವ್ಯಾಪಾರ ಮಾಡುತ್ತಾನೆ, ನನ್ನ ಕ್ಲಾಸ್‌ಮೇಟ್. ಅವನ ಪಿಕಪ್ ದಿನಾ ಹಳ್ಳಿ ಸುತ್ತುವುದರಿಂದ ಆನೆ ಗ್ರೂಪಿನಲ್ಲೂ ಇದ್ದಾನೆ; ಅಭಿಮಾನಿಗಳ ಗ್ರೂಪಿನಲ್ಲಿ ಎರಡನೇ ಬಣ. ‘ನಿಂಗೆ ಕಿವಿ ಹೋಗೈತೇನೋ ಮಾರಾಯ? ನಮ್ ಕಡೆ ಪದ ಮೆತ್ತಗಿದ್ರೇನೆ ಚಂದ. ಕೂಗಾಡಕ್ಕೆ ಇದೇನ್ ಹರಾಜಾ?’ ಅಂತ ಬರೆದ.

ಬಿಡುತ್ತೇನೆಯೇ? ನಾನೂ ಬರೆದೆ. ಒಬ್ಬ ಹಾಡಿನ ಲಿಂಕ್ ಕೇಳಿದ, ಇನ್ನೊಬ್ಬ ಕಳಿಸಿದ. ಮತ್ತೊಬ್ಬ ‘ಇದು ಆನೆ ಗ್ರೂಪ್ ಕಣ್ರೀ’ ಅಂತ ಬೈದ. ಬೈದವನನ್ನು ಇನ್ನಿಬ್ಬರು ಬೈದರು.

ಅಷ್ಟು ಹೊತ್ತಿಗೆ ನನಗೂ ಗೊತ್ತಾಗಿತ್ತು, ಗ್ರೂಪ್ ತಪ್ಪಿದೆ ಅಂತ. ನಿಲ್ಲಿಸಿದೆನೇ? ಇಲ್ಲ. ಕೊನೆಯ ಮಾತು ರಫೀಕನದಾದರೆ ಹೇಗೆ?

ಏಳು ಹತ್ತಕ್ಕೆ ಯಾರೋ ಒಂದು ಮೆಸೇಜ್ ಹಾಕಿದ್ದರು. ‘ಒಂಟಿ ಸಲಗ. ಮೇಲಿನ ತೋಟದಿಂದ ಲೈನ್ ದಾರಿಗೆ ಇಳೀತಾ ಐತೆ. ಯಾರೂ ಬರಬೇಡಿ.’ ಅದರ ಮೇಲೆ ಬೇಸ್ ಗಿಟಾರಿನ ಮಹತ್ವದ ಬಗ್ಗೆ ನನ್ನ ಉದ್ದನೆಯ ಪ್ಯಾರಾ. ಕೆಳಗೆ ರಫೀಕ್ ಕಳಿಸಿದ ಕೈಮುಗಿಯುವ ಚಿತ್ರ. ನಡುವೆ ಆನೆ ಇದ್ದದ್ದು ನಮ್ಮಿಬ್ಬರಿಗೂ ಕಾಣಲಿಲ್ಲ.

ಕಾಣಬೇಕಾಗಿದ್ದದ್ದು ಲೋಕೇಶನಿಗೆ. ಅವನು ಪಕ್ಕದ ಎಸ್ಟೇಟಿನ ರೈಟರ್. ಹಾಜರಿ ಹಾಕಿಕೊಳ್ಳುವುದರ ಜೊತೆಗೆ, ಬೆಳಿಗ್ಗೆ ಆನೆ ಗ್ರೂಪ್ ನೋಡಿ ಕೂಲಿಯವರ ಲೈನ್ ಮನೆಗಳಿಂದ ಕೆಲಸಕ್ಕೆ ಹೊರಡುವವರಿಗೆ ಫೋನ್ ಮಾಡುವುದೂ ಅವನ ಕೆಲಸ. ಆಮೇಲೆ ಅವನು ನನಗೆ ಹೇಳಿದ್ದು: “ಟಿಣ್ ಟಿಣ್ ಅಂತಾನೇ ಇತ್ತು ಸಾರ್. ತೆಗ್ದು ನೋಡಿದ್ರೆ ಬರೀ ಕೊಳಲು, ಡ್ರಮ್ಸು. ಮ್ಯೂಟ್ ಮಾಡ್ಬುಟ್ಟೆ.”

ಅವನು ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ತನ್ನದೇ ತಪ್ಪು ಅನ್ನುವಂತೆ ತಲೆ ತಗ್ಗಿಸಿ ಹೇಳಿದ. ನನಗೆ ನಾಚಿಕೆಯಾಯಿತು.

ಮಧ್ಯಾಹ್ನ ರಫೀಕನನ್ನೂ ಕರೆದುಕೊಂಡು ಆ ಎಸ್ಟೇಟಿಗೆ ಹೋದೆ. ಕಾಫಿ ಒಣಗಿಸುವ ಕಣದ ಪಕ್ಕ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಎಲ್ಲರಿಗಿಂತ ಹಿರಿಯರು ಗಿರಿಜಮ್ಮ. ತಪ್ಪಾಯಿತು ಅಂದೆವು. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆಳಗಿನದನ್ನು ಹೇಳತೊಡಗಿದರು.

“ನಾನ್ ಮುಂದೆ ಇದ್ದೆ ಗೌಡ್ರೆ. ತಿರುವ್ನಾಗೆ ಹಿಂದೆ ಯಾರವ್ವ ಅಂತ ಕೂಗ್ದೆ. ಕೊನೇಲಿ ಬರೋಳು ಶಾಂತಿ. ‘ಓ, ನಾನು ಶಾಂತಿ’ ಅನ್ಬೇಕು. ಅನ್ಲಿಲ್ಲ.”

“ಆಮೇಲೆ?”

“ಆಮೇಲೇನು, ನಿಂತ್ಕಂಡ್ವಿ. ಹಿಂದಿನೋಳು ಓ ಅನ್ಲಿಲ್ಲ ಅಂದ್ರೆ ಯಾರೂ ಹೆಜ್ಜೆ ಎತ್ತಂಗಿಲ್ಲ, ಬಾಯಿ ಬಿಡಂಗಿಲ್ಲ. ನಮ್ಮತ್ತೆ ಕಾಲ್ದಿಂದ್ಲೂ ಹಂಗೇಯ.”

ಶಾಂತಿ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ನಿಂತಿದ್ದಳಂತೆ. ತಲೆ ಎತ್ತಿದರೆ ಅವಳಿಗೂ ಮುಂದಿನ ಏಳು ಜನಕ್ಕೂ ನಡುವೆ ಸಲಗ. ಅವಳು ಒಂದು ಸಿಲ್ವರ್ ಮರದ ಹಿಂದೆ ನಿಂತಳು. (ಸಿಲ್ವರ್ ಮರ ಎಷ್ಟು ದಪ್ಪ ಇರುತ್ತದೆ ಅಂತ ನೋಡಿದವರಿಗೆ ಗೊತ್ತು. ಹಿಂದೆ ನಿಂತರೆ ಎರಡು ಭುಜವೂ ಹೊರಗೇ ಕಾಣುತ್ತವೆ.) ಆಚೆ ಅವಳು, ಈಚೆ ಇವರು. ಒಬ್ಬರೂ ಉಸಿರೆತ್ತಲಿಲ್ಲ. ಮಾತಾಡಿಕೊಂಡು ಹುಡುಕುತ್ತ ವಾಪಸ್ ಬಂದಿದ್ದರೆ ನೇರ ಅದರ ಸೊಂಡಿಲಿಗೇ ಬರುತ್ತಿದ್ದರು. ಆನೆ ತನ್ನ ಪಾಡಿಗೆ ಹಳ್ಳಕ್ಕೆ ಇಳಿದು ಹೋಯಿತು.

“ಆಮೇಲ್ ಇನ್ನೊಂದ್ ಸಲ ಕೂಗ್ದೆ. ಅಳ್ತಾ ಓ ಅಂದ್ಲು. ಓ ಅಂದ್ಲಲ್ಲ, ಸಾಕು” ಅಂದರು ಗಿರಿಜಮ್ಮ.

ಶಾಂತಿ ಅಲ್ಲೇ ಕೂತಿದ್ದಳು. ಅನ್ನ ಕಲಸಿ ಇಟ್ಟುಕೊಂಡಿದ್ದಳು, ತಿನ್ನುತ್ತಿರಲಿಲ್ಲ.

ನಾನು ಅಂಗಳದಲ್ಲಿ ನಿಂತು ಇಂಪು ಅಂದುಕೊಂಡಿದ್ದ ಪದ ತಲೆ ಎಣಿಸುವ ಪದ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೇನೆ. ಯಾಕೆ ಕೂಗುತ್ತೀರಿ ಅಂತ ಒಮ್ಮೆ ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

“ಅದೇನ್ ಪದಕ್ಕೆ ಜಗಳ ಅಂತೆ ನಿಮ್ದು?” ಅಂತ ಗಿರಿಜಮ್ಮನೇ ಕೇಳಿದರು. ಮೊಬೈಲಿನಲ್ಲಿ ಹಾಡು ಹಾಕಿ ಕೈಗೆ ಕೊಟ್ಟೆ. ಕಿವಿಗೆ ಒತ್ತಿಕೊಂಡು ಪೂರಾ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಿವಿಯಿಂದ ತೆಗೆಯಲಿಲ್ಲ.

ರಫೀಕನಿಗೆ ತಡೆಯಲಾಗಲಿಲ್ಲ. “ಚೆನ್ನಾಗೈತಲ್ವಾ ಗಿರಿಜಮ್ಮ? ನೀವೇ ಹೇಳಿ.”

“ದನಿ ಚೆನ್ನಾಗೈತೆ” ಅಂದರು. ರಫೀಕ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಗಿರಿಜಮ್ಮ ಫೋನ್ ವಾಪಸ್ ಕೊಡುತ್ತ ಕೇಳಿದರು: “ಅಷ್ಟ್ ಸಲ ಹಿಂದೆ ಯಾರವ್ವ ಅಂತಾನೆ. ಒಂದ್ ಸಲನೂ ಯಾರೂ ಓ ಅನ್ಲಿಲ್ವಲ್ಲ ಗೌಡ್ರೆ. ಸಿಕ್ಕಿದ್ಲಾ ಅವಳು?”

ರಫೀಕನ ಹುಬ್ಬು ಇಳಿದಿತ್ತು.

ಮನೆಗೆ ಬಂದು ಅಭಿಮಾನಿಗಳ ಗ್ರೂಪಿನಲ್ಲಿ (ಹೆಸರನ್ನು ಎರಡು ಸಲ ಓದಿಕೊಂಡು) ಗಿರಿಜಮ್ಮನ ಪ್ರಶ್ನೆಯನ್ನು ಹಾಗೇ ಹಾಕಿದೆ. ಜೋರಿನ ಬಣದವರೂ ನೋಡಿದ್ದಾರೆ, ಮೆತ್ತನೆ ಬಣದವರೂ ನೋಡಿದ್ದಾರೆ. ನೀಲಿ ಟಿಕ್‌ಗಳು ಬಿದ್ದಿವೆ.

ಇವತ್ತಿನವರೆಗೆ ಒಬ್ಬರೂ ಓ ಅಂದಿಲ್ಲ.