ಫ್ರಿಸ್ಲಾನಿನ ಹಾಲಿನ ಪುಡಿ

ಲಾಕ್‌ಡೌನ್ ಶುರುವಾದ ವರ್ಷ. ಮಲೇಷ್ಯಾದ ಕ್ಲಾಂಗ್ ಬಂದರಿನ ಸರಕು ಸಾಗಣೆ ಕಚೇರಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದ ನನಗೆ ಪುಚೊಂಗಿನ ಮನೆಯ ಊಟದ ಮೇಜೇ ಕಚೇರಿಯಾಗಿತ್ತು. ಎದುರಿಗೆ ಮಗಳ ಆನ್‌ಲೈನ್ ತರಗತಿ, ಒಲೆಯ ಮೇಲೆ ಕುಕ್ಕರ್, ಕಿವಿಯಲ್ಲಿ ಫೋನು. ಬೆಳಗ್ಗೆ ಏಳುವಾಗಲೇ ಮೈ ದಣಿದಿರುತ್ತಿತ್ತು.

ಆ ದಿನಗಳಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಬಂದ ಹಾಲಿನ ಪುಡಿಯ ಕಂಟೇನರ್ ಒಂದು ಬಂದರಿನಲ್ಲೇ ನಿಂತುಬಿಟ್ಟಿತು. ಹಡಗಿನ ಕಾಗದದಲ್ಲಿ ಅದು ಹೊರಟ ಪ್ರಾಂತ್ಯದ ಹೆಸರು ಫ್ರೀಸ್‌ಲ್ಯಾಂಡ್ ಎಂದಿತ್ತು. ಆರೋಗ್ಯ ಪ್ರಮಾಣಪತ್ರದಲ್ಲಿ ಫ್ರಿಸ್ಲಾನ್.

"ಎರಡು ಬೇರೆ ಬೇರೆ ಜಾಗ ಲಾ, ಮೇಡಂ. ಕಳಿಸಿದವರಿಂದ ಒಂದು ಪತ್ರ ತರಿಸಿ," ಎಂದರು ತಪಾಸಣೆಯ ಅಧಿಕಾರಿ, ಇಲ್ಲಿನವರ ಮಾತಿಗಂಟಿದ 'ಲಾ' ಬಿಡದೆ. ಅವರ ದನಿಯೂ ಸೋತಿತ್ತು.

ಕಳಿಸಿದ ಕಂಪನಿಗೆ ಫೋನು ಮಾಡಿದೆ. ಎತ್ತಿದವರು ನಿವೃತ್ತಿಗೆ ಹತ್ತಿರವಾಗಿದ್ದ ಗುಮಾಸ್ತರು. ವಿಷಯ ಹೇಳಿದೆ.

"ಫ್ರೀಸ್‌ಲ್ಯಾಂಡ್ ಅನ್ನೋದು ಡಚ್ಚರು ಕರೆಯುವ ಹೆಸರು. ನಮ್ಮ ಫ್ರಿಸಿಯನ್ ಮಾತಿನಲ್ಲಿ ಫ್ರಿಸ್ಲಾನ್. ಈಗ ಸರ್ಕಾರಿ ಹೆಸರೂ ಅದೇ. ಪ್ರಮಾಣಪತ್ರದಲ್ಲಿ ನಾನೇ ಹಾಗೆ ಬರೆಸಿದ್ದು."

"ಹಾಗಂದರೆ ಏನರ್ಥ ಸರ್?" ಎಂದೆ. ಕೆಲಸಕ್ಕೆ ಬೇಕಾದ ಪ್ರಶ್ನೆಯೇನಲ್ಲ, ಬಾಯಿಗೆ ಬಂತು.

"ಲಾನ್ ಅಂದರೆ ನೆಲ, ಅಷ್ಟು ಗೊತ್ತು. ಉಳಿದ ಅರ್ಧಕ್ಕೆ 'ಸ್ವತಂತ್ರರು' ಅಂತಾರೆ ನಮ್ಮವರು. 'ಗುಂಗುರು ಕೂದಲಿನವರು' ಅಂತಾರೆ ಕೆಲವು ಪಂಡಿತರು. ರೋಮನ್ನರ ಕಾಲದಿಂದ ಇರುವ ಹೆಸರು, ಖಚಿತವಾಗಿ ಯಾರಿಗೂ ತಿಳಿಯದು. ನನ್ನ ತಲೆಯಂತೂ ಬೋಳು. ಹಾಗಾಗಿ ನಾನು ಸ್ವತಂತ್ರರ ಪಕ್ಷ."

ಬಹಳ ದಿನಗಳ ಮೇಲೆ ನಗು ಬಂತು. ನಮ್ಮ ಮಂಗಳೂರಿನ ಕಥೆ ಹೇಳಿದೆ: ಮನೆಯಲ್ಲಿ ನಾವು ತುಳುವಿನಲ್ಲಿ ಕುಡ್ಲ ಎನ್ನುತ್ತಿದ್ದೆವು, ಪಕ್ಕದ ಕೊಂಕಣಿಯವರಿಗೆ ಅದು ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ.

"ಹಾಗಾದರೆ ಆ ಪತ್ರವನ್ನು ನೀವೇ ಬರೆಯಬಹುದಿತ್ತಲ್ಲ," ಎಂದರು.

ಆಮೇಲೆ ಅವರ ದನಿ ಇಳಿಯಿತು. ತಾಯಿ ವೃದ್ಧಾಶ್ರಮದಲ್ಲಿದ್ದರಂತೆ. ಮರೆವಿನ ಕಾಯಿಲೆಯಲ್ಲಿ ಡಚ್ ಪೂರ್ತಿ ಹೋಗಿ ಫ್ರಿಸಿಯನ್ ಒಂದೇ ಉಳಿದಿತ್ತು. ಪರಿಚಯದ ದಾದಿಯರಿಗೆಲ್ಲ ಕೊರೋನಾ. ಬದಲಿಗೆ ಬಂದವರಿಗೆ ಆ ಮಾತು ಬಾರದು.

"ಅಮ್ಮ ಚಳಿ, ಕಿಟಕಿ ಮುಚ್ಚಿ ಅಂದರೂ ಅವರಿಗೆ ಅರ್ಥವಾಗೋದಿಲ್ಲ. ನನ್ನನ್ನು ಒಳಗೆ ಬಿಡೋದಿಲ್ಲ. ಹೊರಗೆ ಹುಲ್ಲಿನ ಮೇಲೆ ನಿಂತು ಫೋನಿನಲ್ಲಿ ಅನುವಾದ ಮಾಡ್ತೇನೆ."

ಕುಕ್ಕರ್ ಕೂಗಿತು, ಫೋನಿಟ್ಟೆ.

ಪತ್ರ ಮಾರನೆಯ ದಿನವೇ ಬಂತು. ಎರಡೂ ಒಂದೇ ನಾಡಿನ ಹೆಸರು ಎಂದು ಮೂರು ಸಾಲು, ಸಹಿ, ಮೊಹರು. ಅದನ್ನು ಹಿಡಿದು ಇನ್ನೊಂದು ವಾರ ಈ ನಂಬರು, ಆ ನಂಬರು ಎಂದು ಕಚೇರಿಗಳಿಗೆ ಫೋನು ಮಾಡಿದ ಮೇಲೆ ಕಂಟೇನರ್ ಹೊರಬಿತ್ತು.

ಮುಂದಿನ ತಿಂಗಳ ಸರಕಿನ ಕಾಗದ ಬಂದಾಗ ಎರಡರಲ್ಲೂ ಫ್ರೀಸ್‌ಲ್ಯಾಂಡ್ ಎಂದೇ ಇತ್ತು. ನನ್ನಿಂದಾಗಿ ಹೀಗಾಯಿತಲ್ಲ ಎಂದು ಕಸಿವಿಸಿಯಾಗಿ ಮತ್ತೆ ಫೋನು ಮಾಡಿದೆ.

"ಜಗಳಾಡುವ ಶಕ್ತಿ ಉಳಿದಿಲ್ಲ ಮೇಡಂ," ಎಂದರು. "ಆದರೆ ಅಮ್ಮನ ಹತ್ತಿರ ನಮ್ಮ ಕಡೆಯ ದಾದಿಯೊಬ್ಬಳು ಬಂದಿದ್ದಾಳೆ. ಊಟ ಚೆನ್ನಾಗಿಲ್ಲ ಅಂತ ದಿನವಿಡೀ ಅವಳಿಗೆ ಬೈತಾರಂತೆ."

"ಒಳ್ಳೆಯದಾಯ್ತು ಸರ್."

ಈ ಸಲದ ಕಂಟೇನರ್ ಒಂದೇ ದಿನದಲ್ಲಿ ಬಿಡುಗಡೆಯಾಯಿತು. ಯಾರೂ ಏನೂ ಕೇಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಸೋಫಾದ ಮೇಲೆ ಉರುಳಿದೆ. ಮಗಳು ಇಯರ್‌ಫೋನ್ ತೆಗೆದು, "ಆರ್ ಯು ಸಿಕ್, ಅಮ್ಮಾ?" ಎಂದಳು.

"ಇಲ್ಲ ಮಗಾ, ಸುಸ್ತು ಅಷ್ಟೇ," ಎಂದೆ.