ಮಗಳ ಉಡಿಗೆ ಅಕ್ಕಿ

ಫೋನಿನಲ್ಲಿ ಮಗಳು ಬೇರೆ ಏನನ್ನೂ ಕೇಳಲಿಲ್ಲ. ಸೀರೆಗೆ ಯಾವ ಅಂಚು ತಂದಿದ್ದೀ, ಹೋಳಿಗೆ ಮಾಡುತ್ತೀಯೋ ಕರ್ಚಿಕಾಯಿ ಮಾಡುತ್ತೀಯೋ ಎಂದು ಕೇಳಲಿಲ್ಲ. “ಅವ್ವಾ, ಈ ಸಲ ನನ್ನ ಉಡಿ ನೀನ ಮೊದಲ ತುಂಬಬೇಕು,” ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಇದ್ದೇನೆ, ಗದ್ದಲದಲ್ಲಿ ಏನೂ ಕೇಳಿಸುತ್ತಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಕೂತಿದ್ದದ್ದು ನನ್ನ ಮನೆಯಲ್ಲೇ, ಹೊಲಿಗೆ ಮಷಿನ್ನಿನ ಮುಂದೆ. ಓಣಿಯಲ್ಲಿ ಒಂದು ನಾಯಿ ಕೂಡ ಬೊಗಳುತ್ತಿರಲಿಲ್ಲ.

ಸಿಂಧನೂರಿನಲ್ಲಿ ಕಾಲುವೆ ಕಡೆಗಿನ ಓಣಿಯಲ್ಲಿ ನನ್ನ ಮನೆ. ಜಂಪರ್ ಹೊಲಿದು ಬದುಕುತ್ತೇನೆ. ನನ್ನ ಮನೆಯವರು ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದರು. ಮಗಳ ಮದುವೆ ಗೊತ್ತಾದ ವರ್ಷವೇ ಎದೆನೋವು ಬಂದು ಹೋಗಿಬಿಟ್ಟರು. ಮದುವೆ ನಾನೇ ಮಾಡಿದೆ. ಅಳಿಯ ಮಸ್ಕಿಯವನು, ನಮ್ಮ ಹಾಗೆಯೇ ಕ್ರೈಸ್ತ ಸಭೆಗೆ ಹೋಗುವ ಮನೆತನ, ಒಳ್ಳೆಯ ಹುಡುಗ. ಮಗಳಿಗೆ ಈಗ ಏಳು ತಿಂಗಳು ತುಂಬಿತ್ತು. ಮಸ್ಕಿಯಲ್ಲಿ ಕುಬುಸ ಇಟ್ಟುಕೊಂಡಿದ್ದರು.

ಕುಬುಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ ಹಾಕಿ ಉಡಿ ತುಂಬುವ ಕಾರ್ಯ. ನಮ್ಮ ಹಿರಿಯರು ಕ್ರಿಸ್ತನನ್ನು ನಂಬಿದಾಗ ಎಷ್ಟೋ ಬಿಟ್ಟರು. ಅರಿಷಿಣ ಕುಂಕುಮ ಬಿಟ್ಟರು, ಪಂಚಾಂಗ ಬಿಟ್ಟರು, ಅಮಾವಾಸ್ಯೆಯ ಲೆಕ್ಕ ಬಿಟ್ಟರು. ಉಡಿ ತುಂಬುವುದನ್ನು ಬಿಡಲಿಲ್ಲ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡ ಹೆಣ್ಣನ್ನು ಹರಸುವುದರಲ್ಲಿ ತಪ್ಪೇನಿದೆ? ಮೊದಲು ಪ್ರಾರ್ಥನೆ, ಆಮೇಲೆ ಉಡಿ. ಐದು ಮಂದಿ ಮುತ್ತೈದೆಯರು ಅನ್ನುವ ಮಾತನ್ನೂ ತೆಗೆದು, ಐದು ಮಂದಿ ಸಹೋದರಿಯರು ಅನ್ನುತ್ತೇವೆ. ಆದರೆ ಆ ಐವರಲ್ಲಿ ಗಂಡ ಸತ್ತವಳು ಒಬ್ಬಳಾದರೂ ಇದ್ದದ್ದನ್ನು ನಾನು ಕಂಡಿರಲಿಲ್ಲ. ಬರಬೇಡಿ ಎಂದು ಯಾರೂ ಅನ್ನುವುದಿಲ್ಲ. ಕರೆಯುವಾಗ ನಮ್ಮ ಹೆಸರು ಬರುವುದಿಲ್ಲ, ಅಷ್ಟೇ. ನಾವೂ ಜಾಣರು. ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಗೆ ಹೋಗಿ ಸಾರಿನ ಉಪ್ಪು ನೋಡುತ್ತಿರುತ್ತೇವೆ.

ಸಭೆಯಲ್ಲಿ ಶುಕ್ರವಾರದ ಹೆಂಗಸರ ಕೂಟ ನಡೆಸುವವಳು ನಾನು. ಒಬ್ಬಳ ಗಂಡ ಕುಡಿಯುತ್ತಾನೆ, ಒಬ್ಬಳ ಮಗ ಪರೀಕ್ಷೆಯಲ್ಲಿ ಪಾಸಾಗಿಲ್ಲ, ಒಬ್ಬಳಿಗೆ ಜ್ವರ ಬಿಟ್ಟಿಲ್ಲ. ಎಲ್ಲರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥನೆ ಮಾಡುತ್ತೇನೆ. ಹೆದರಬ್ಯಾಡ್ರೆವ್ವಾ, ಸ್ವಾಮಿ ಇದ್ದಾನ ಅನ್ನುತ್ತೇನೆ. ನನ್ನ ಪ್ರಾರ್ಥನೆಗೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ಮನೆಗೆ ಹೋಗುವಾಗ ಮನಸ್ಸು ಹಗುರವಾಯಿತು ಅನ್ನುತ್ತಾರೆ. ನನಗೂ ಅದು ಹಿತವಾಗಿಯೇ ಇತ್ತು, ಯಾಕೆ ಸುಳ್ಳು ಹೇಳಲಿ. ಅದೇ ಬಾಯಿ ಮಗಳ ಒಂದು ಮಾತಿಗೆ ಬಸ್ ಸ್ಟ್ಯಾಂಡಿನ ಗದ್ದಲ ಎಂದಿತು.

ಯಾಕೆಂದರೆ ಮೊದಲ ಸಲದ ಕೂಸು ಉಳಿದಿರಲಿಲ್ಲ. ಆಗಲೂ ಮಸ್ಕಿಯಲ್ಲೇ ಕುಬುಸವಾಗಿತ್ತು. ಐವರು ಸಹೋದರಿಯರು ಉಡಿ ತುಂಬಿದರು, ನಾನು ಅಡುಗೆಮನೆಯಲ್ಲಿದ್ದೆ. ಸ್ವಲ್ಪ ದಿನಕ್ಕೇ ಮಗಳಿಗೆ ನೋವು ಬಂತು, ಲಿಂಗಸುಗೂರಿನ ದವಾಖಾನೆಗೆ ಒಯ್ದೆವು. ಹೆಣ್ಣುಕೂಸು. ಕೂದಲು ದಟ್ಟವಾಗಿತ್ತು, ಬೆರಳುಗಳು ನನ್ನ ಗಂಡನ ಬೆರಳಿನ ಹಾಗೆ ಉದ್ದವಾಗಿದ್ದವು. ಅಳಲೇ ಇಲ್ಲ ಅದು. ಆ ನೋವನ್ನು ಏನೆಂದು ಬರೆಯುವುದು? ಈಗಲೂ ಲಿಂಗಸುಗೂರು ಬಸ್ಸು ಎಂದು ಕಂಡಕ್ಟರ್ ಕೂಗಿದರೆ ಮುಖ ತಿರುಗಿಸಿಕೊಳ್ಳುತ್ತೇನೆ.

ಮಗಳು ಉಡಿ ತುಂಬು ಎಂದ ಮೇಲೆ ನಾನು ಮಾಡಿದ ಪ್ರಾರ್ಥನೆ ಯಾವುದು ಗೊತ್ತೇ? ಯೇಸಪ್ಪಾ, ಆಕೆಗೆ ಆ ಮಾತು ಮರೆಸಿಬಿಡು ಎಂದು ಬೇಡಿಕೊಂಡೆ. ದೇವರ ಮೇಲೆ ನಂಬಿಕೆ ಇರಲಿಲ್ಲವೆಂದಲ್ಲ. ನನ್ನ ಕೈಯ ಮೇಲೆ ಇರಲಿಲ್ಲ. ಗಂಡ ಸತ್ತವಳ ಕೈ ಬಿದ್ದರೆ ಕೆಡುಕು ಎಂದು ಸಭೆಯಲ್ಲಿ ಯಾರೂ ನನಗೆ ಹೇಳಿಲ್ಲ. ಆದರೂ ಅದು ಒಳಗೆ ಎಲ್ಲಿಯೋ ಕೂತಿತ್ತು. ಹಗಲು ಬೈದು ಹೊರಗೆ ಹಾಕಿದರೆ ಸಂಜೆಗೆ ತಿರುಗಿ ಬಂದು ಕೂಡುತ್ತಿತ್ತು. ಈ ಕೂಸಿಗೂ ಏನಾದರೂ ಆದರೆ? ಬೀಗರು ಏನೂ ಅನ್ನಲಿಕ್ಕಿಲ್ಲ, ಮಗಳೂ ಅನ್ನಲಿಕ್ಕಿಲ್ಲ. ನಾನೇ ಸಾಯುವತನಕ ಅಂದುಕೊಳ್ಳುತ್ತಿದ್ದೆ.

ಪಾಸ್ಟರ್ ಅವರಿಗೆ ಹೇಳಿ ನೋಡಿದೆ. ಅವರು ಎಲ್ಲಿಗೋ ಹೊರಟು ಬೈಕಿನ ಮೇಲೆ ಕೂತಿದ್ದರು. ಅದೆಲ್ಲ ಮೂಢನಂಬಿಕೆ ಸಿಸ್ಟರ್, ಧೈರ್ಯವಾಗಿ ತುಂಬಿ ಬನ್ನಿ ಎಂದರು. ಸರಿಯಾದ ಮಾತೇ, ನಾನೇನು ಅಲ್ಲವೆನ್ನಲಿಲ್ಲ. ಆದರೆ ಆ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಲಿಂಗಸುಗೂರಿನಿಂದ ಮಸ್ಕಿಗೆ ಬಂದವಳು ನಾನು, ಅವರಲ್ಲ. ವಂದನೆ ಹೇಳಿ ಮನೆಗೆ ಬಂದೆ.

ಕುಬುಸದ ದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಒಂದು ಚೀಲದಲ್ಲಿ ಹೋಳಿಗೆ, ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿಯ ಬುತ್ತಿ. ಇನ್ನೊಂದರಲ್ಲಿ ಹಸಿರು ಸೀರೆ, ಬಳೆ, ಜವಳಗೇರಾದಲ್ಲಿರುವ ನನ್ನ ತಂಗಿ ಕಳಿಸಿದ ಹೊಸ ಅಕ್ಕಿ. ಭತ್ತದ ಗದ್ದೆಗಳು ಮುಗಿದು ಒಣ ಹೊಲಗಳು ಬಂದವು. ದಾರಿಯುದ್ದಕ್ಕೂ ಒಂದು ಉಪಾಯ ಹುಡುಕಿದೆ: ಹೋದ ಕೂಡಲೇ ಒಲೆಯ ಮುಂದೆ ಕೂತುಬಿಡಬೇಕು, ಕೈ ಹಿಟ್ಟಾಗಿದೆ ಎಂದು ಹೇಳಬೇಕು. ಬಸುರಿ ಎಷ್ಟು ಹೊತ್ತು ಹಟ ಮಾಡಿಯಾಳು, ಸೊಂಟ ನೊಂದರೆ ತಾನೇ ಒಪ್ಪುತ್ತಾಳೆ ಎಂದುಕೊಂಡೆ.

ಬೀಗಿತಿ ಬಾಗಿಲಿಗೇ ಬಂದು ಕೈಕಾಲಿಗೆ ನೀರು ಕೊಟ್ಟರು. ಮಾತು ಕಡಿಮೆಯ ಹೆಂಗಸು, ನಕ್ಕರೆ ಕಣ್ಣುಗಳು ಮಾತ್ರ ನಗುತ್ತವೆ. ಅಂದು ಅವೂ ನಗಲಿಲ್ಲ. ಮಗಳು ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು. ಚೀಲಗಳನ್ನು ಕೊಟ್ಟು ಸೀದಾ ಹಿಂದಕ್ಕೆ ನಡೆದೆ. ಅಡುಗೆಮನೆಯಲ್ಲಿ ಆಗಲೇ ಜನ ತುಂಬಿದ್ದರು. ಹಿತ್ತಲ ಕಟ್ಟೆಯ ಮೇಲೆ ಅಳಿಯನ ಅಜ್ಜಿ ಚಾಪೆ ಹಾಸಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬೀಗಿತಿಯ ಅತ್ತೆ ಅವರು. ಮಗ ತೊಟ್ಟಿಲಲ್ಲಿದ್ದಾಗಲೇ ಗಂಡನನ್ನು ಕಳೆದುಕೊಂಡವರು. ಬೆನ್ನು ಬಾಗಿದರೂ ಭಾನುವಾರ ಮಾತ್ರ ಸಭೆ ತಪ್ಪಿಸಿದವರಲ್ಲ, ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹಾಡುತ್ತಾರೆ. ನನ್ನನ್ನು ನೋಡಿ ಪಕ್ಕಕ್ಕೆ ಸರಿದರು. ಚಾಪೆಯನ್ನು ಕೈಯಿಂದ ಒರೆಸಿ ಜಾಗ ಮಾಡಿಕೊಟ್ಟರು.

“ಬಾ ತಂಗಿ, ಇಲ್ಲೇ ಕೂಡು,” ಎಂದರು. “ಇದು ನಮ್ಮ ಜಾಗ.”

ಅಕ್ಕರೆಯಿಂದ ಅಂದ ಮಾತು ಅದು, ಅದರಲ್ಲಿ ಕೊಂಕೇನೂ ಇರಲಿಲ್ಲ. ಆದರೆ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ನಾನು ಅಡುಗೆಮನೆಗೆ ಹೋಗುತ್ತಿದ್ದದ್ದು ನನ್ನ ಜಾಣತನ ಎಂದುಕೊಂಡಿದ್ದೆ. ಈ ಮುದುಕಿಗೆ ಅದು ಜಾಗವಾಗಿತ್ತು. ಹುಡುಗಿಯಾಗಿದ್ದಾಗ ಬಂದು ಕೂತವರು ಇನ್ನೂ ಎದ್ದಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಸಿಟ್ಟು ಬಂದರೂ ಕೂತೆ, ಬೆಳ್ಳುಳ್ಳಿ ಕೈಗೆ ತೆಗೆದುಕೊಂಡೆ.

ಒಳಗೆ ಹಾಡು ಮುಗಿಯಿತು. ಅಲ್ಲಿಯ ಪಾಸ್ಟರ್ ಅವರ ಹೆಂಡತಿ ವಾಕ್ಯ ಓದಿ ಪ್ರಾರ್ಥನೆ ಮಾಡಿದರು. ಸಹೋದರಿಯರು ಉಡಿ ತುಂಬಲು ಬನ್ನಿ ಎಂದು ಕರೆದದ್ದು ಕೇಳಿಸಿತು, ಬಳೆಗಳ ಸಪ್ಪಳ ಕೇಳಿಸಿತು. ಆಮೇಲೆ ಸುಮ್ಮನಾಯಿತು. ಉಡಿ ತುಂಬುವಾಗ ಹೆಂಗಸರು ಅಷ್ಟು ಸುಮ್ಮನಿರುವುದಿಲ್ಲ, ನಗು ಇರುತ್ತದೆ, ಗಂಡೋ ಹೆಣ್ಣೋ ಎಂಬ ಚೇಷ್ಟೆ ಇರುತ್ತದೆ. ನಾನು ಬೆಳ್ಳುಳ್ಳಿಯನ್ನು ಇನ್ನೂ ಜೋರಾಗಿ ಸುಲಿದೆ. ಬೀಗಿತಿ ಹಿತ್ತಲ ಬಾಗಿಲಿಗೆ ಬಂದು ನಿಂತರು.

“ಅಕ್ಕಾರ, ಒಳಗ ಬರ್ರಿ,” ಎಂದರು. “ಆಕಿ ಯಾರ ಮುಂದೂ ಸೆರಗ ಒಡ್ಡವಲ್ಲಳು.”

ಒಳಗೆ ಮಗಳು ಕುರ್ಚಿಯ ಮೇಲೆ ಕೂತಿದ್ದಳು. ಹಸಿರು ಸೀರೆಯಲ್ಲಿ ಮುಖ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಸೆರಗನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಹೊಟ್ಟೆಯ ಮೇಲೆ ಹಿಡಿದಿದ್ದಳು. ಐವರು ಹೆಂಗಸರು ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತಿದ್ದರು. ನಾನು ಬಗ್ಗಿ ಅವಳ ಕಿವಿಯಲ್ಲಿ, ಅವರೆಲ್ಲ ತುಂಬಲಿ, ನಾನು ಹಿಂದೆ ನಿಂತು ನಿನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತೇನೆ, ಅದೂ ಆಶೀರ್ವಾದವೇ ಅಲ್ಲವೇ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ದನಿ ಏರಿಸಲಿಲ್ಲ.

“ಹೋದ ಸಲ ದವಾಖಾನ್ಯಾಗ ನೀ ನಂಗ ಮೊದಲ ಏನಂದಿ, ನೆನಪೈತೇನಬೇ? ‘ನಾ ಕೈ ಹಚ್ಚಿದ್ದಿಲ್ಲವ್ವಾ’ ಅಂದಿ. ನನ್ನ ಕೂಸು ಹೋಗಿತ್ತು, ನೀ ನಿನ್ನ ಕೈ ತೋರಿಸಿದಿ. ನಂಗ ಆಗ ನಿನ್ನ ಕೈ ಬೇಕಾಗಿತ್ತಬೇ.”

ಅಂದಿದ್ದೆ. ಅವಳು ಹೇಳಿದ ಮೇಲೆ ನೆನಪಾಯಿತು, ಆ ಮಂಚ, ಗ್ಲೂಕೋಸಿನ ಬಾಟಲಿ, ಅವಳ ಒಣಗಿದ ತುಟಿ. ಎಂಥ ಮಾತು ಆಡಿದ್ದೆ ನಾನು! ಕೂಸು ಕಳೆದುಕೊಂಡ ಮಗಳ ಮುಂದೆ ನಿಂತು ನನ್ನದೇನೂ ತಪ್ಪಿಲ್ಲ ಎಂದು ಸಾಕ್ಷಿ ಹೇಳಿದ್ದೆ. ಅಲ್ಲಿ ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ.

ಬೀಗಿತಿ ಅಕ್ಕಿಯ ತಾಟನ್ನು ನನ್ನ ಮುಂದೆ ಹಿಡಿದರು. ಹೊಟ್ಟೆಯ ಕೂಸು ಅವರ ಮೊಮ್ಮಗುವೂ ಹೌದು, ಅವರಿಗೂ ಅಷ್ಟೇ ಹೆದರಿಕೆ. ಆದರೂ ಹಿಡಿದಿದ್ದರು. ನಾನು ಬೊಗಸೆ ತುಂಬ ಅಕ್ಕಿ ತೆಗೆದುಕೊಂಡೆ. ಪ್ರಾರ್ಥನೆ ಮಾಡಬೇಕೆಂದು ಬಾಯಿ ತೆರೆದೆ. ಶುಕ್ರವಾರದ ಮಾತುಗಳೆಲ್ಲ ಎಲ್ಲಿ ಹೋದವೋ. “ಸ್ವಾಮೀ, ನಂಗ ಭಾಳ ಹೆದರಿಕಿ ಆಗೈತಿ,” ಎಂದೆ. ಎಲ್ಲರಿಗೂ ಕೇಳಿಸಿತು. ಮಗಳು ಸೆರಗು ಬಿಚ್ಚಿದಳು. ಅಕ್ಕಿ ಹಾಕಿದೆ.

ಇದನ್ನು ಬರೆಯುವಾಗ ಮಗಳು ನನ್ನ ಮನೆಯಲ್ಲೇ ಇದ್ದಾಳೆ, ಬಾಣಂತನಕ್ಕೆ ಬಂದಿದ್ದಾಳೆ. ಒಂಬತ್ತು ತುಂಬಿದೆ. ಒಳಗೆ ಮಲಗಿ ಕಾಲು ಬಾತಿದೆ ಎಂದು ಗೊಣಗುತ್ತಿದ್ದಾಳೆ. ಏನಾಗುತ್ತದೋ ನನಗೆ ಗೊತ್ತಿಲ್ಲ. ಹೆದರಿಕೆ ಹೋಗಿಲ್ಲ. ಉಡಿ ತುಂಬಿದ ಮರುಗಳಿಗೆಯಲ್ಲೇ ಮನಸ್ಸಿಗೆ ಸಮಾಧಾನ ಬಂದುಬಿಟ್ಟಿತು ಎಂದು ಸಾಕ್ಷಿ ಹೇಳಿದರೆ ಕೂಟದ ಹೆಂಗಸರಿಗೆ ಹಿಡಿಸೀತು, ಆದರೆ ಬಂದಿಲ್ಲ. ಧೈರ್ಯ ಕೊಟ್ಟು ಆಮೇಲೆ ಕೆಲಸ ಹೇಳುತ್ತಾನೆ ದೇವರು ಎಂದುಕೊಂಡಿದ್ದೆ. ನನಗೆ ಕೆಲಸ ಮೊದಲು ಹೇಳಿದ. ಈಗ ಕೂಟದಲ್ಲಿ ಯಾರಿಗೂ ಹೆದರಬೇಡ ಅನ್ನುವುದಿಲ್ಲ. ಪಕ್ಕದಲ್ಲಿ ಕೂತು, ನನಗೂ ಹೆದರಿಕೆ ಇದೆ ಅನ್ನುತ್ತೇನೆ. ಅಳುವವರು ಮೊದಲಿಗಿಂತ ಕಡಿಮೆಯಾಗಿದ್ದಾರೆ, ಮಾತಾಡುವವರು ಹೆಚ್ಚಾಗಿದ್ದಾರೆ.

ಆ ದಿನ ಆಮೇಲೆ ನಡೆದದ್ದನ್ನೂ ಹೇಳಬೇಕು. ನಾನು ತುಂಬಿದ ಮೇಲೆ ಉಳಿದವರೂ ತುಂಬಿದರು. ಮಗಳು ಎದ್ದಳು. ಭಾರದ ಸೆರಗನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡು ಹಿತ್ತಲಿಗೆ ನಡೆದಳು. ನಾನು ತಾಟು ಹಿಡಿದು ಹಿಂದೆ ಹೋದೆ, ನನ್ನ ಹಿಂದೆ ಬೀಗಿತಿ, ಅವರ ಹಿಂದೆ ಎಲ್ಲ ಹೆಂಗಸರು. ಅಜ್ಜಿ ಬೆಳ್ಳುಳ್ಳಿಯಿಂದ ತಲೆ ಎತ್ತಿ ನೋಡಿ, ಏನಾಗುತ್ತಿದೆ ಎಂದು ತಿಳಿದ ಕೂಡಲೇ ಗೋಡೆಗೆ ಸರಿದು ಕೈಗಳನ್ನು ಸೀರೆಯೊಳಗೆ ಬಚ್ಚಿಟ್ಟುಕೊಂಡರು. ಬೇಡವ್ವಾ, ಬೇಡ, ತುಂಬಿದ ಬಸುರಿ ನೀನು, ಒಳಗೆ ಹೋಗು ಎಂದರು. ಮಗಳು ಅಷ್ಟು ಹೊಟ್ಟೆ ಹೊತ್ತು ಅವರ ಮುಂದೆ ಚಾಪೆಯ ಮೇಲೆ ಕೂತೇಬಿಟ್ಟಳು. ಅಜ್ಜಿ ಸೊಸೆಯ ಕಡೆ ನೋಡಿದರು. ಬೀಗಿತಿ, “ತುಂಬ್ರಿ ಅತ್ತಿ,” ಎಂದರು. ಹಾಗೆನ್ನುತ್ತಲೇ ಅಳುತ್ತಿದ್ದರು.

ನಾನು ತಾಟನ್ನು ಅಜ್ಜಿಯ ಮುಂದೆ ಇಟ್ಟೆ. ಅವರು ಕೈ ಹೊರಗೆ ತೆಗೆದು, ಸೀರೆಗೆ ಒರೆಸಿಕೊಂಡು, ಅಕ್ಕಿಯಲ್ಲಿ ಇಳಿಸಿದರು. ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು.

“ಎಷ್ಟು ಸಲ ಹಾಕಬೇಕು ಅನ್ನೋದು ಮರತೀನವ್ವಾ,” ಎಂದರು.

“ನಿಮಗ ಸಾಕನ್ನಿಸೋತನಕ ಹಾಕ್ರಿ, ಅಜ್ಜಿ,” ಎಂದಳು ಮಗಳು.

ಅಜ್ಜಿ ಹಾಕಿದರು. ಮತ್ತೆ ಹಾಕಿದರು. ಸೆರಗು ತುಂಬಿ ಅಕ್ಕಿ ಚಾಪೆಯ ಮೇಲೆ ಚೆಲ್ಲತೊಡಗಿತು. ಯಾರೂ ಸಾಕು ಅನ್ನಲಿಲ್ಲ.