ಬೊಗ್ಗು ನಿಂತದ್ದು ನನ್ನ ಮಾತಿಗೆ

ಹೋದ ವಾರ ಮಂಗಳವಾರ ಬೆಳಿಗ್ಗೆ ಆರೂಮುಕ್ಕಾಲಿಗೆ, ಒಂದೇ ಒಂದು ಪದದಿಂದ ನಾನೊಂದು ನಾಯಿಯನ್ನು ಕೊಲ್ಲುವವನಿದ್ದೆ.

ಬೈಗುಳವಲ್ಲ. ಶಾಪವೂ ಅಲ್ಲ. (ಕಾಲೇಜು ಮೇಷ್ಟರ ಶಾಪ ತಗಲುವುದಿಲ್ಲ ಎಂಬುದು ಪ್ರತಿ ಪರೀಕ್ಷೆಯಲ್ಲೂ ಸಾಬೀತಾಗುತ್ತದೆ.) ಮಂಗಳೂರಿನಲ್ಲಿ ಎಲ್ಲರೂ ದಿನಕ್ಕೆ ನೂರು ಸಲ ಆಡುವ ಸಾದಾ ಪದ ಅದು.

ನಾಯಿಯ ಹೆಸರು ಬೊಗ್ಗು. ಯಜಮಾನರು ಸುಂದರಣ್ಣ, ಕೊಟ್ಟಾರದಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಹೋಟೆಲ್ ಇಟ್ಟವರು. ಎರಡು ವರ್ಷದ ಹಿಂದೆ ಮೀನು ಸಾರಿನ ವಾಸನೆ ಹಿಡಿದು ಹಿತ್ತಲಿಗೆ ಬಂದ ಬೊಗ್ಗು ಮತ್ತೆ ಹೊರಡಲಿಲ್ಲ. ಕಡಕ್ ಚಹಾದ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ತಂದೆ ಯಾರು, ತಾಯಿ ಯಾರು ಎಂದು ಯಾರೂ ಕೇಳಿದವರಿಲ್ಲ.

ಇಂಥ ನಾಯಿಗೆ ಊರಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ನಾಯಿ ಪ್ರದರ್ಶನದಲ್ಲಿ ಏನು ಕೆಲಸ? ಆದರೆ ಈ ಸಲ ಅಲ್ಲಿ ಹೊಸ ಸ್ಪರ್ಧೆಯೊಂದು ಇತ್ತು. ಅಜಿಲಿಟಿ. ಬಿದಿರಿನ ಅಡ್ಡಪಟ್ಟಿ ಹಾರಬೇಕು, ಟಯರಿನೊಳಗೆ ನುಗ್ಗಬೇಕು, ಕಿರಿದಾದ ಹಲಗೆಯ ಮೇಲೆ ನಡೆಯಬೇಕು. ನಡುವೆ ಒಂದು ಮೇಜು. ಅದನ್ನು ಹತ್ತಿ ಐದು ಸೆಕೆಂಡು ಅಲ್ಲಾಡದೆ ನಿಲ್ಲಬೇಕು. ಯಜಮಾನರೂ ಜೊತೆಗೆ ಓಡಬೇಕು, ಆದರೆ ನಾಯಿಯನ್ನು ಮುಟ್ಟುವಂತಿಲ್ಲ. ಮಾತೊಂದೇ ಹಗ್ಗ.

"ಜಾತಿ ಸರ್ಟಿಫಿಕೇಟು ಬೇಡ ಅಂತೆ ಮಾಸ್ಟ್ರೆ! ಕಾಲು ನಾಲ್ಕಿದ್ರೆ ಸಾಕಂತೆ!" ಎಂದು ಸುಂದರಣ್ಣ ಫಾರಂ ತಂದೇಬಿಟ್ಟರು. ಗಲ್ಲಾದ ಹಿಂದೆ, ದೇವರ ಪಟದ ಪಕ್ಕ, ಕಪ್ ಇಡಲು ಹಲಗೆ ಹೊಡೆಸಿದ್ದೂ ಆಯಿತು.

ಹೆದ್ದಾರಿಯ ಆಚೆ ಬದಿಯ ಖಾಲಿ ಜಾಗದಲ್ಲಿ ಒಂದೂವರೆ ತಿಂಗಳು ಅಭ್ಯಾಸ. ಮಾವಿನ ಕೊಂಬೆಗೆ ಟೆಂಪೋ ಟಯರು. ಹೋಟೆಲಿನ ಮೇಜು. ಕಾಲೇಜಿನ ಆಟದ ವಿಭಾಗದಿಂದ ಸ್ಟಾಪ್‌ವಾಚ್ ತಂದ ತಪ್ಪಿಗೆ ನಾನು ಟೈಮ್‌ಕೀಪರ್.

ಊರಿನ ಉಳಿದ ಸ್ಪರ್ಧಿಗಳೆಲ್ಲ ಇಂಗ್ಲಿಷ್ ಬಲ್ಲವರು. ಸಿಟ್, ಸ್ಟೇ, ಕಮ್. ಸುಂದರಣ್ಣ ಒಪ್ಪಲಿಲ್ಲ. "ಇದಕ್ಕೆ ಎಂತಕ್ಕೆ ಇಂಗ್ಲಿಷ್? ಕಾನ್ವೆಂಟಿಗೆ ಹೋಗ್ಲಿಕ್ಕೆ ಉಂಟಾ?" ಹಾಗಾಗಿ ಬೊಗ್ಗುವಿನ ಶಿಕ್ಷಣ ತುಳು ಮಾಧ್ಯಮದಲ್ಲಿ ನಡೆಯಿತು. ಬಲ ಅಂದರೆ ಬಾ. ಪೋ ಅಂದರೆ ಹೋಗು. ಉಂತು ಅಂದರೆ ನಿಲ್ಲು.

ಈ 'ಉಂತು'ವಿನಲ್ಲಿ ಬೊಗ್ಗುವಿಗೆ ಸಾಟಿಯಿರಲಿಲ್ಲ. ಯಾರೇ ಆಗಲಿ ಜೋರಾಗಿ ಒಮ್ಮೆ ಕೂಗಿದರೆ ಸಾಕು, ನಾಲ್ಕು ಕಾಲೂ ನೆಲಕ್ಕೆ ಹೂತಂತೆ. ಮೂಗಿನ ಮುಂದೆ ಹುರಿದ ಬಂಗುಡೆ ಮೀನು ಇಟ್ಟರೂ ಕದಲುವುದಿಲ್ಲ. ಯಾರು ಕರೆದರೂ ಇಲ್ಲ. ಬಿಡಿಸಲು ಮಾತ್ರ ಸುಂದರಣ್ಣನೇ 'ಪೋ' ಅನ್ನಬೇಕು.

"ಹೀಗೆ ಮಾತು ಕೇಳುವವರು ನನ್ನ ಮನೆಯಲ್ಲಿ ಬೇರೆ ಯಾರೂ ಇಲ್ಲ ಮಾರಾಯ್ರೆ," ಎನ್ನುತ್ತಿದ್ದರು. (ಅವರ ಹೆಂಡತಿ ಅಡುಗೆಮನೆಯಿಂದ, "ಬಂಗುಡೆ ಹುರಿದು ಕೊಟ್ಟದ್ದು ಯಾರು, ಅದೂ ಹೇಳಿ," ಎನ್ನುತ್ತಿದ್ದರು.)

ಆ ಮಂಗಳವಾರ ನಾನು ಹೊರಡುವುದು ಸ್ವಲ್ಪ ತಡವಾಯಿತು. ನಾನು ಹೆದ್ದಾರಿಯ ಈಚೆ ಬದಿಯಲ್ಲಿ, ಅವರಿಬ್ಬರೂ ಆಚೆ. ಬೊಗ್ಗು ನನ್ನನ್ನು ಕಂಡಿತು. ಬಾಲ ಬೀಸುತ್ತ ಓಡಿ ಬಂತು. ಅದರ ಹಿಂದೆಯೇ ಸುಂದರಣ್ಣ ಬಂದರು, ಕಣ್ಣೆಲ್ಲ ನಾಯಿಯ ಮೇಲೆ. ಕೂಳೂರಿನ ಕಡೆಯಿಂದ ಹೆಂಚು ತುಂಬಿದ ಲಾರಿಯೊಂದು ಬರುತ್ತಿತ್ತು. ಅವರು ನೋಡಲಿಲ್ಲ. ನಾನು ನೋಡಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಘಟ್ಟದ ಮೇಲಿನವನು. ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬಂದಾಗ 'ಇದೆ', 'ಇದೆ' ಎನ್ನುತ್ತಿದ್ದೆ, ಹುಡುಗರು ನಗುತ್ತಿದ್ದರು. ತುಳು ಬಾರದಿದ್ದರೂ ಈ ಊರಿನ ಕನ್ನಡವನ್ನಾದರೂ ಕಲಿತೆನೆಂಬ ಜಂಬ ನನಗೆ. ಹಳೆಯ ಬಾಯಿ ಉಳಿದಿದ್ದರೆ 'ಲಾರಿ ಬರ್ತಿದೆ' ಎನ್ನುತ್ತಿದ್ದೆ.

ನಾನು ಕೂಗಿದ್ದು ಹೀಗೆ: "ಸುಂದರಣ್ಣ, ಲಾರಿ ಉಂಟು! ಉಂಟು! ಉಂಟು!"

ಸುಂದರಣ್ಣ ರಸ್ತೆಯ ಅಂಚಿನಲ್ಲಿ ನಿಂತರು.

ಬೊಗ್ಗು ರಸ್ತೆಯ ನಡುವೆ ನಿಂತಿತು.

ಇನ್ನು ನಾಲ್ಕು ನೆಗೆತಕ್ಕೆ ನನ್ನ ಬಳಿ ಇರುತ್ತಿತ್ತು. ನಿಂತಿತು. ಮೇಜಿನ ಮೇಲೆ ನಿಲ್ಲುವ ಹಾಗೆಯೇ, ತಲೆ ಎತ್ತಿ, ನನ್ನನ್ನು ನೋಡುತ್ತ. ನಾನು 'ಬಾ' ಎಂದೆ, 'ಬಲ' ಎಂದೆ. ಕದಲಲಿಲ್ಲ. ಲಾರಿಯ ಹಾರ್ನ್ ಕೇಳಿ ನೆಟ್ಟಗಿನ ಕಿವಿ ಅತ್ತ ತಿರುಗಿತು. ಕಾಲು ಮಾತ್ರ ಅಲ್ಲೇ. 'ಪೋ' ಅನ್ನಬೇಕಾದ ಸುಂದರಣ್ಣನ ಬಾಯಿ ತೆರೆದಿತ್ತು, ಸ್ವರ ಇರಲಿಲ್ಲ.

ಬ್ರೇಕಿನ ಆ ಕಿರಿಚಾಟ, ಒಳಗೆ ಹೆಂಚು ಒಂದರ ಮೇಲೊಂದು ಜಾರಿ ಒಡೆದ ಸದ್ದು. ಈಗಲೂ ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರ್ ಎಂದರೆ ನನ್ನ ಕೈ ನಿಲ್ಲುತ್ತದೆ.

ಲಾರಿ ನಿಂತಾಗ ಬಂಪರಿಗೂ ಬೊಗ್ಗುವಿಗೂ ನಡುವೆ ಒಂದು ಮೊಳ ಜಾಗ.

ಡ್ರೈವರ್ ಕೆಳಗಿಳಿದು ಬೊಬ್ಬೆ ಹೊಡೆದ. "ಎಂತ ಮಾರಾಯ್ರೆ! ನಾಯಿಯನ್ನು ಮಾರ್ಗದ ಮಧ್ಯ ನಿಲ್ಸಿ ಫೋಟೋ ತೆಗಿಲಿಕ್ಕೆ ಉಂಟಾ?"

ಆಗಷ್ಟೇ ಒಂದು ಕಾಲು ಎತ್ತಿದ್ದ ಬೊಗ್ಗು ಅದನ್ನು ಮತ್ತೆ ಕೆಳಗಿಟ್ಟು ನೆಟ್ಟಗೆ ನಿಂತಿತು.

ಸುಂದರಣ್ಣ ಹೋಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು.

"ಪಾಪ, ಹೆದರಿ ಮರಗಟ್ಟಿತು," ಎಂದೆ ನಾನು.

"ಹೆದರ್ಲಿಲ್ಲ ಮಾಸ್ಟ್ರೆ," ಎಂದರು ಮೆಲ್ಲಗೆ. "ಮಾತಿನ ಮಧ್ಯೆ ಉಂಟು ಅಂದ್ರೆ ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ. ನೀವು ಬೊಬ್ಬೆ ಹೊಡೆದದ್ದು ಅದಕ್ಕೆ ಉಂತು ಅಂತ ಕೇಳಿತು. ನೀವು ನಿಲ್ಲು ಅಂದ್ರಿ, ಅದು ನಿಂತಿತು."

ನಾನು ಹೋಟೆಲಿನ ಜಗಲಿಯಲ್ಲಿ ಕುಳಿತೆ. ಸುಂದರಣ್ಣ ಚಹಾ ಕೊಟ್ಟರು. ಅರ್ಧ ಚಹಾ ಸಾಸರಿನಲ್ಲಿತ್ತು.

"ಆ ಪದ ಬದಲಾಯಿಸಿ ಬಿಡಿ," ಎಂದೆ.

"ಯಾವ ಪದ ಇಟ್ಟರೂ ಯಾರಾದ್ರೂ ತಪ್ಪಿ ಹೇಳಿಯೇ ಹೇಳ್ತಾರೆ. ತಪ್ಪು ಪದದ್ದಲ್ಲ. ಲಾರಿ ಕಣ್ಣಿಗೆ ಕಾಣುವಾಗಲೂ ನಿಲ್ಲುವ ಹಾಗೆ ಕಲಿಸಿದ್ದೇನಲ್ಲ, ಅದು ತಪ್ಪು."

ಸ್ಪರ್ಧೆಗೆ ಉಳಿದದ್ದು ನಾಲ್ಕು ದಿನ. ಆ ನಾಲ್ಕು ದಿನವೂ ಸುಂದರಣ್ಣ ಬೊಗ್ಗುವಿಗೆ ಮಾತು ಕೇಳದಿರುವುದನ್ನು ಕಲಿಸಿದರು! 'ಉಂತು' ಎಂದು ನಿಲ್ಲಿಸುವುದು. ಹೋಟೆಲಿಗೆ ತರಕಾರಿ ತರುವ ಕೈಗಾಡಿಯನ್ನು ನಾನು ಗಡಗಡ ಎಂದು ಅದರ ಕಡೆ ತಳ್ಳುವುದು. ಮೊದಲ ದಿನ ಗಾಡಿ ಮೈಗೆ ತಾಗುವವರೆಗೂ ನಿಂತೇ ಇತ್ತು. ಅದರ ಮುಖ ನೋಡಲಾಗಲಿಲ್ಲ. ಎರಡನೆಯ ದಿನ ಸಾಯಂಕಾಲ, ಗಾಡಿ ಇನ್ನೂ ದೂರವಿರುವಾಗಲೇ, ಯಜಮಾನನ ಮುಖ ಒಮ್ಮೆ, ಗಾಡಿ ಒಮ್ಮೆ ನೋಡಿ, ಚಂಗನೆ ಬದಿಗೆ ಹಾರಿತು. ಸುಂದರಣ್ಣ ಬಂಗುಡೆ ಕೊಟ್ಟರು.

"ಕಪ್?" ಎಂದು ಕೇಳಿದೆ.

"ಹಲಗೆಯಲ್ಲಿ ಉಪ್ಪಿನಕಾಯಿ ಭರಣಿ ಇಡುವ," ಎಂದರು.

ಭಾನುವಾರ ಮೈದಾನದಲ್ಲಿ ಬೊಗ್ಗು ಚೆನ್ನಾಗಿಯೇ ಓಡಿತು. ಟಯರಿನೊಳಗೆ ಬಾಣದ ಹಾಗೆ ಹೋಯಿತು. ಮೇಜು ಹತ್ತಿತು. "ಉಂತು!" ನಿಂತಿತು. ಒಂದು, ಎರಡು, ಮೂರು. ಆಗ ತೀರ್ಪುಗಾರರು ಬಿಸಿಲಿಗೆಂದು ಕೊಡೆ ಬಿಚ್ಚಿದರು. ಬೊಗ್ಗು ಕೊಡೆ ನೋಡಿತು, ಸುಂದರಣ್ಣನನ್ನು ನೋಡಿತು, ಮೇಜಿನಿಂದ ಹಾರಿ ದೂರ ನಿಂತಿತು. ಸ್ಪರ್ಧೆಯಿಂದ ಔಟ್. ಗೆದ್ದ ಲ್ಯಾಬ್ರಡಾರ್ ಐದಲ್ಲ, ಐವತ್ತು ಸೆಕೆಂಡೂ ನಿಲ್ಲುವಂತಿತ್ತು.

ನನ್ನ ಪಕ್ಕದವರು, "ಎಂತ ನಾಯಿ ಮಾರಾಯ್ರೆ, ಡಿಸಿಪ್ಲಿನ್ನೇ ಇಲ್ಲ," ಎಂದು ನಕ್ಕರು. ಸುಂದರಣ್ಣ ಮೈದಾನದ ನಡುವೆ ಮಂಡಿಯೂರಿ ಅದರ ಮಡಚಿದ ಕಿವಿ ಸವರುತ್ತಿದ್ದರು. ಸೋತವರ ಮುಖ ಹಾಗಿರುವುದಿಲ್ಲ.

ಸೋಮವಾರ ಮೊದಲ ಪೀರಿಯಡ್. ನಾನು ಹೇಳಿದ್ದನ್ನೆಲ್ಲ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದ ಎಪ್ಪತ್ತು ವಿದ್ಯಾರ್ಥಿಗಳ ಮುಂದೆ ನಿಂತಿದ್ದೆ. ಬೇಕೆಂದೇ ಒಂದು ತಪ್ಪು ವಾಕ್ಯ ಹೇಳಿದೆ. ಎಪ್ಪತ್ತು ಪೆನ್ನುಗಳೂ ಅದನ್ನು ಬರೆದುಕೊಂಡವು.

ಇವರಿಗೆ ಕೈಗಾಡಿ ತಳ್ಳುವವರು ಯಾರು?